ತಂದೆಗೆ ಪ್ರಾಸ್ಟೇಟ್ ಕ್ಯಾನ್ಸರ್: ನಿಗಾದಲ್ಲಿ ಕಾಯುವುದೋ, ಈಗಲೇ ಚಿಕಿತ್ಸೆಯೋ?

ಬಯಾಪ್ಸಿ ವರದಿಯಲ್ಲಿ ಮೊದಲು ಗ್ಲೀಸನ್ ಅಂಕ ನೋಡಿ; ಕ್ಯಾನ್ಸರ್ ಎಷ್ಟು ಉಗ್ರ ಎಂಬುದನ್ನು ಅದು ಹೇಳುತ್ತದೆ. 3+3=6 ಎಂದಿದ್ದು, ಗಡ್ಡೆ ಗ್ರಂಥಿಯೊಳಗೇ ಉಳಿದಿದ್ದರೆ ಆಯ್ಕೆಗೆ ಅವಕಾಶವಿದೆ. ಅಂಕ 8 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ ಈ ಹೋಲಿಕೆ ಹೊಂದುವುದಿಲ್ಲ.

ನಿಗಾ ಎಂದರೆ ಕೈಕಟ್ಟಿ ಕೂರುವುದಲ್ಲ. ಕೆಲವು ತಿಂಗಳಿಗೊಮ್ಮೆ ಪಿಎಸ್ಎ (ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಪ್ರೋಟೀನ್) ರಕ್ತಪರೀಕ್ಷೆ, ಆಗಾಗ ಎಂಆರ್‌ಐ, ಮತ್ತೆ ಬಯಾಪ್ಸಿ. ದೇಹಕ್ಕೆ ಹಗುರ, ಮನಸ್ಸಿಗೆ ಭಾರ. ಪಿಎಸ್ಎ 4.8 ಇದ್ದದ್ದು 5.3 ಆದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಆದರೆ ಮೂತ್ರದ ಸೋಂಕಿನಿಂದಲೂ ಪಿಎಸ್ಎ ಏರುತ್ತದೆ. ಒಂದು ಸಂಖ್ಯೆಯಿಂದ ಏನನ್ನೂ ನಿರ್ಧರಿಸಬೇಡಿ.

ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯನ್ನೇ ತೆಗೆಯುವುದರಿಂದ ಪಿಎಸ್ಎ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಬೇಕು. ಆ ಸ್ಪಷ್ಟತೆ ದೊಡ್ಡ ನೆಮ್ಮದಿ. ಬೆಲೆಯೂ ಇದೆ: ಕೆಮ್ಮಿದಾಗ, ಎದ್ದು ನಿಂತಾಗ ಮೂತ್ರ ಸೋರುವುದು, ಲೈಂಗಿಕ ಶಕ್ತಿ ಕುಂದುವುದು. ಎರಡನೆಯದನ್ನು ತಂದೆ ಮಕ್ಕಳೆದುರು ಬಾಯಿಬಿಟ್ಟು ಹೇಳಲಾರರು, ಆದ್ದರಿಂದ ವೈದ್ಯರೊಡನೆ ಅವರನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಬಿಡಿ. ವಿಕಿರಣ ಚಿಕಿತ್ಸೆಯಲ್ಲಿ ಕರುಳಿನ ತೊಂದರೆ ಹೆಚ್ಚು, ಪಿಎಸ್ಎ ಇಳಿಯುವುದೂ ನಿಧಾನ.

ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಈ ಮೂರನ್ನೂ ಹೋಲಿಸಿದ ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ 2023ರಲ್ಲಿ 15 ವರ್ಷಗಳ ಫಲಿತಾಂಶ ಪ್ರಕಟಿಸಿತು. ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರಿನಿಂದಲೇ ತೀರಿಕೊಂಡವರು ಶೇ. 3ರ ಆಸುಪಾಸು. ನಿಗಾದಲ್ಲಿದ್ದವರಲ್ಲಿ ರೋಗ ಹರಡಿದ್ದು ಉಳಿದೆರಡು ಗುಂಪುಗಳಿಗಿಂತ ಸುಮಾರು ಇಮ್ಮಡಿ. ನಿಗಾ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿ ಮುಂದೆ ಚಿಕಿತ್ಸೆ ಪಡೆದರು.

ಅಪಾಯ ಕಡಿಮೆಯಿದ್ದರೆ ನನ್ನ ಒಲವು ನಿಗಾದ ಕಡೆಗೆ. ಆದರೆ ಪ್ರತಿ ವರದಿಗೂ ತಂದೆ ನಿದ್ದೆಗೆಡುವಂತಿದ್ದರೆ ಚಿಕಿತ್ಸೆ ಕೇಳುವ ಹಕ್ಕು ಅವರದು. ನಿಮ್ಮ ಭಯವನ್ನು ಅವರ ನಿರ್ಧಾರದ ಮೇಲೆ ಹೇರಬೇಡಿ.