ಬ್ಲೈಂಡ್ ಪಿಗ್, ಪ್ಲಿನಿ, ಒಂದು ಮಬ್ಬು ಐಪಿಎ: ಒಂದೇ ದಿನ ಮೂರೂ ಕುಡಿದು ನೋಡಿದೆವು

ಮೈಸೂರಿನಿಂದ ಭಾವ ಬಂದಿದ್ದರು. ಅವರನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಸ್ಯಾಂಟಾ ರೋಸಾಕ್ಕೆ ಹೋಗಿ, ರಷ್ಯನ್ ರಿವರ್ ಬ್ರೂವರಿಯ ಪಬ್‌ನಲ್ಲೇ ಕೂತು ಬ್ಲೈಂಡ್ ಪಿಗ್, ಪ್ಲಿನಿ ದಿ ಎಲ್ಡರ್ ಅನ್ನೋ ಎರಡು ಐಪಿಎ ಬಿಯರುಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಡಿಯಬೇಕು ಅನ್ನೋದು ನನಗೆ ತುಂಬಾ ದಿನದ ಆಸೆ. ಐಪಿಎ ಅಂದರೆ ಹಾಪ್ಸ್ ಅನ್ನೋ ಹೂವನ್ನು ಜಾಸ್ತಿ ಹಾಕಿ ಮಾಡುವ, ಕಹಿ ಮತ್ತು ಘಮ ಹೆಚ್ಚಿರುವ ಬಿಯರ್. ಕಾರು ಮುಟ್ಟಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾರ್ಕ್‌ಸ್ಪರ್‌ವರೆಗೆ ಫೆರಿ, ಅಲ್ಲಿಂದ ಸ್ಮಾರ್ಟ್ (SMART) ಅನ್ನೋ ಲೋಕಲ್ ರೈಲು, ಸ್ಟೇಷನ್ನಿಂದ ಪಬ್‌ಗೆ ನಡಿಗೆ. ನೀವೂ ಹೋದರೆ ದಯವಿಟ್ಟು ಹೀಗೇ ಹೋಗಿ.

ಮೊದಲು ಬ್ಲೈಂಡ್ ಪಿಗ್ ಬಂತು. ಆಲ್ಕೋಹಾಲ್ 6.25%. ಬಂಗಾರದ ಬಣ್ಣ, ಗ್ಲಾಸಿನ ಆಚೆ ಕಡೆ ಹಿಡಿದ ಬೆರಳು ಕಾಣುವಷ್ಟು ತಿಳಿ. ಮೂಗಿಗೆ ಹೇರಳೆಕಾಯಿ ಸಿಪ್ಪೆ ಹಿಂಡಿದ ಹಾಗೆ ವಾಸನೆ. ಕಹಿ ಬೇಗ ಬರುತ್ತದೆ, ಬೇಗ ಹೋಗುತ್ತದೆ, ಬಾಯಿ ಒಣಗಿ ಇನ್ನೊಂದು ಗುಟುಕು ಬೇಕು ಅನಿಸುತ್ತದೆ. ಪಿಜ್ಜಾ ಜೊತೆ ಇದಕ್ಕಿಂತ ಒಳ್ಳೆ ಜೋಡಿ ನನಗೆ ಸಿಕ್ಕಿಲ್ಲ. ಈ ಹೆಸರಿಗೆ ಒಂದು ಕಥೆ ಇದೆ. ರಷ್ಯನ್ ರಿವರ್ ಬ್ರೂವರಿಯ ಒಡೆಯರಲ್ಲೊಬ್ಬರಾದ ವಿನ್ನಿ ಸಿಲುರ್ಜೊ ಮೊದಲು ದಕ್ಷಿಣ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾದಲ್ಲಿ ನಡೆಸುತ್ತಿದ್ದ ಬ್ರೂವರಿಯ ಹೆಸರೇ ಬ್ಲೈಂಡ್ ಪಿಗ್. 1994ರಲ್ಲಿ ಅಲ್ಲಿ ಅವರು ಹಾಪ್ಸ್ ಸುರಿದು ಮಾಡಿದ ಬಿಯರನ್ನೇ ಮೊದಲ ಡಬಲ್ ಐಪಿಎ (ಹಾಪ್ಸ್, ಆಲ್ಕೋಹಾಲ್ ಎರಡೂ ಇನ್ನೂ ಜಾಸ್ತಿ ಇರುವ ಐಪಿಎ) ಅಂತ ತುಂಬಾ ಜನ ಹೇಳುತ್ತಾರೆ.

ಆಮೇಲೆ ಪ್ಲಿನಿ, ಇದೂ ಡಬಲ್ ಐಪಿಎ. 8%. ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಆದರೆ ಗ್ಲಾಸು ಇನ್ನೂ ಮೂಗಿನಿಂದ ಅರ್ಧ ಅಡಿ ದೂರ ಇದ್ದಾಗಲೇ ಭಾವ, "ಏನೋ ಇದು, ಮಾವಿನಕಾಯಿ ತೊಟ್ಟು ಮುರಿದಾಗ ಬರೋ ಸೊನೆ ವಾಸನೆ!" ಅಂದರು. ಸಿಮ್ಕೋ, ಸೆಂಟೆನಿಯಲ್, ಅಮರಿಲ್ಲೋ ಅಂತ ಹಾಪ್ಸ್ ಹೆಸರು ಹೇಳಿ ಎಷ್ಟೋ ಜನಕ್ಕೆ ವಿವರಿಸಲು ನೋಡಿದ್ದೇನೆ, ಆ ಒಂದು ಮಾತಿನಷ್ಟು ಸರಿಯಾಗಿ ಹೇಳಲು ನನಗೆ ಆಗಿರಲಿಲ್ಲ. ಸೊನೆ, ಅದರ ಹಿಂದೆ ಚಕ್ಕೋತ, ಕೊನೆಯಲ್ಲಿ ಉದ್ದಕ್ಕೆ ಎಳೆಯುವ ಕಹಿ. ಕುಡಿಯುತ್ತಾ ಹೋದಂತೆ ನೊರೆ ಗ್ಲಾಸಿನ ಒಳಗೆ ಬಳೆ ಬಳೆಯಾಗಿ ಅಂಟಿಕೊಂಡು ಉಳಿಯಿತು.

ಇಷ್ಟು ಸ್ಟ್ರಾಂಗ್ ಇದ್ದೂ ನಾಲಿಗೆಗೆ ಭಾರ ಅನಿಸುವುದಿಲ್ಲ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಸ್ವಲ್ಪ ಸಕ್ಕರೆಯನ್ನೂ ಹಾಕುತ್ತಾರೆ, ಯೀಸ್ಟ್ ಅದನ್ನು ಪೂರ್ತಿ ತಿಂದು ಮುಗಿಸುವುದರಿಂದ ಸಿಹಿ ಉಳಿಯದೆ ಬಿಯರ್ ಡ್ರೈ ಆಗುತ್ತದೆ. ಎಚ್ಚರ ಬೇಕಾಗಿರುವುದೂ ಇಲ್ಲೇ. ಒಂದು ಅಮೆರಿಕನ್ ಪಿಂಟ್ 473 ಎಂಎಲ್. ಅಷ್ಟು ಪ್ಲಿನಿಯಲ್ಲಿರುವ ಆಲ್ಕೋಹಾಲ್ ನಮ್ಮೂರಿನ 60 ಎಂಎಲ್ ವಿಸ್ಕಿಯ ಒಂದೂವರೆ ಪಟ್ಟು. ಊರಲ್ಲಿ ಸಿಗುವ ಸ್ಟ್ರಾಂಗ್ ಬಿಯರ್ ಕೂಡ 8%ವರೆಗೆ ಇರುತ್ತದೆ ನಿಜ, ಆದರೆ ಅದರಲ್ಲಿ ಆಲ್ಕೋಹಾಲ್ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಇಲ್ಲಿ ಹಾಪ್ಸ್ ಅದನ್ನು ಮುಚ್ಚಿಬಿಡುತ್ತದೆ.

ಮೂರನೆಯದು ಸಂಜೆ, ಅದೇ ಊರಿನ ಇನ್ನೊಂದು ಟ್ಯಾಪ್‌ರೂಮ್‌ನಲ್ಲಿ. ಅದೂ 8%, ಆದರೆ ಹೇಜಿ, ಅಂದರೆ ಮಬ್ಬು ಐಪಿಎ. ಓಟ್ಸ್, ಗೋಧಿ ಹಾಕಿದ್ದಕ್ಕೆ ಕಿತ್ತಳೆ ಜ್ಯೂಸಿನ ಹಾಗೆ ಮಬ್ಬು, ಬಾಯಿಗೆ ಮೆತ್ತಗೆ. ಹಲಸಿನ ತೊಳೆಯ ಘಮ ಬಂದಾಗ ಇಬ್ಬರಿಗೂ ಖುಷಿಯಾಯಿತು. ಅರ್ಧ ಗ್ಲಾಸ್ ಆಗುವಷ್ಟರಲ್ಲಿ ಗಂಟಲು ಕೆರೆಯಲು ಶುರುವಾಯಿತು. ಹಾಪ್ಸ್ ಸರಿಯಾಗಿ ತಳಕ್ಕೆ ಇಳಿಯುವ ಮೊದಲೇ ಬಡಿಸಿದರೆ ಹೀಗಾಗುತ್ತದೆ. ಹೇಜಿಗಳೆಲ್ಲ ಹೀಗೇ ಅಂತ ನಾನು ಹೇಳಲ್ಲ, ಒಳ್ಳೆಯವು ಬೇಕಾದಷ್ಟಿವೆ, ಆವತ್ತಿನದು ಮಾತ್ರ ಪ್ಲಿನಿಯ ಹತ್ತಿರಕ್ಕೂ ಬರಲಿಲ್ಲ.

ಮನೆಯಲ್ಲಿ ಮೂರು ತಿಂಗಳಿನಿಂದ ಕಪಾಟಿನಲ್ಲಿ ಸುಮ್ನೆ ಇಟ್ಟಿದ್ದ ಪ್ಲಿನಿ ಬಾಟಲಿಯೊಂದಿತ್ತು. ಮಾರನೇ ದಿನ ಅದನ್ನೂ ತೆಗೆದೆ. ಸೊನೆಯ ವಾಸನೆ ಪೂರ್ತಿ ಹೋಗಿತ್ತು. ಹಳೇ ಬೆಲ್ಲದಂಥ ಸಿಹಿ, ಮೇಲೆ ಒರಟು ಕಹಿ, ಅಷ್ಟೇ. ಬಾಟಲಿನಲ್ಲಿ ಕುಡಿದು "ಇದಕ್ಕೆ ಇಷ್ಟು ಹೆಸರಾ?" ಅಂತ ಕೇಳುವವರು ಇಂಥದ್ದನ್ನೇ ಕುಡಿದಿರಬೇಕು. ತಂದರೆ ಸೀದಾ ಫ್ರಿಜ್ಜಿಗೆ ಹಾಕಿ, ಆ ವಾರವೇ ಕುಡಿದುಬಿಡಿ.

ಒಂದೇ ಗ್ಲಾಸ್ ಅಂದರೆ ನನಗೆ ಪ್ಲಿನಿ, ಅದೂ ಪಬ್‌ನಲ್ಲೇ. ಹರಟೆ ಹೊಡೆಯುತ್ತಾ ಎರಡು ಗ್ಲಾಸ್ ಕೂರುವುದಾದರೆ ಬ್ಲೈಂಡ್ ಪಿಗ್. ಎರಡನ್ನೂ ನೋಡುವ ಆಸೆ ಇದ್ದರೆ ಬ್ಲೈಂಡ್ ಪಿಗ್ ಮೊದಲು ಹೇಳಿ. ನಾನು ಉಲ್ಟಾ ಮಾಡಿಯೂ ನೋಡಿದೆ. ಪ್ಲಿನಿ ಆದಮೇಲೆ ಅಷ್ಟು ಒಳ್ಳೆ ಬಿಯರ್ ಕೂಡ ನೀರು ನೀರು ಅನಿಸಿತು.