ಪರದೆ ನೋಡದೆ ಡೆಬಿಯನ್

ಕಂಪ್ಯೂಟರ್‌ಗೆ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಳ್ಳಬೇಕಾದರೆ ನಮ್ಮಂಥ ಅಂಧರು ಕಣ್ಣಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲೇಬೇಕು ಎಂದು ನಂಬಿರುವವರಿಗೆ ನಾನು ಮೊದಲು ಹೇಳುವ ಹೆಸರು ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್. 2013ರಲ್ಲಿ ಬಂದ ಏಳನೇ ಆವೃತ್ತಿಯಿಂದಲೇ ಇದರ ಇನ್‌ಸ್ಟಾಲರ್, ಅಂದರೆ ಅದನ್ನು ಕಂಪ್ಯೂಟರ್‌ಗೆ ಹಾಕಿಕೊಡುವ ತಂತ್ರಾಂಶ, ಮಾತನಾಡುತ್ತಿದೆ. ಇನ್‌ಸ್ಟಾಲರ್ ಇರುವ ಪೆನ್ ಡ್ರೈವ್‌ನಿಂದ ಕಂಪ್ಯೂಟರನ್ನು ಬೂಟ್ (ಶುರು) ಮಾಡಿದಾಗ ಮೆನು ಸಿದ್ಧವಾಯಿತೆಂದು ಬೀಪ್ ಕೇಳುತ್ತದೆ. ಎಸ್ ಕೀಲಿ ಒತ್ತಿ ಎಂಟರ್ ಒತ್ತಿದರೆ ಸಾಕು, ಸ್ವಲ್ಪ ಹೊತ್ತಿನಲ್ಲಿ ಪಠ್ಯ ಓದಿ ಹೇಳುವ ಇ-ಸ್ಪೀಕ್ ತಂತ್ರಾಂಶದ ದನಿ ಕೇಳತೊಡಗುತ್ತದೆ.

ನನ್ನ ಮನಸ್ಸು ಗೆದ್ದದ್ದು ಅದರ ಮುಂದಿನ ಹೆಜ್ಜೆ. ಈಗಿನ ಕಂಪ್ಯೂಟರ್‌ಗಳಲ್ಲಿ ಮಾನಿಟರ್ ಕೇಬಲ್ ಕೂಡ ಒಂದು ಸೌಂಡ್ ಕಾರ್ಡ್ ಎಂದು ಲೆಕ್ಕಕ್ಕೆ ಬರುವುದರಿಂದ ದನಿ ಎತ್ತಲೋ ಹೋಗಿ ಬಿಡಬಹುದು. ಹಾಗಾಗಿ ಇನ್‌ಸ್ಟಾಲರ್ ಒಂದೊಂದೇ ಕಾರ್ಡಿನಲ್ಲಿ ಮಾತನಾಡಿ ನೋಡುತ್ತದೆ. ನಮಗೆ ಬೇಕಾದ ಕಡೆಯಿಂದ ಕೇಳಿಸಿದಾಗ ಎಂಟರ್ ಒತ್ತಬೇಕು. ಇದನ್ನು ರೂಪಿಸಿದವರಿಗೆ ನಮ್ಮ ಕಷ್ಟ ಗೊತ್ತಿದೆ. ಆಮೇಲಿನ ಪ್ರಶ್ನೆಗಳು ಹೆಚ್ಚಾಗಿ ಅಂಕಿ ಹಾಕಿದ ಪಟ್ಟಿಗಳು: ಬೇಕಾದ ಅಂಕಿ ಟೈಪ್ ಮಾಡುವುದು, ಮುಂದೆ ಹೋಗುವುದು. ಡಿಸ್ಕ್ ಮೇಲೆ ಬರೆಯುವ ಮುನ್ನ ಯಾವ ವಿಭಾಗ ಅಳಿಯುತ್ತದೆ ಎಂಬುದನ್ನು ಓದಿ ಹೇಳಿ ಒಪ್ಪಿಗೆ ಕೇಳುತ್ತದೆ. ಯುಎಸ್‌ಬಿ ಬ್ರೈಲ್ ಡಿಸ್‌ಪ್ಲೇ ಇದ್ದವರಿಗೆ ಬೆರಳಿಗೂ ಅದೇ ಪಠ್ಯ ಸಿಗುತ್ತದೆ.

ಕೊರತೆಗಳಿವೆ. ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದರೆ, ಬೂಟ್ ಆಗುವಾಗ ಪಾಸ್‌ವರ್ಡ್ ಕೇಳುವ ಹೊತ್ತಿಗೆ ದನಿ ಇನ್ನೂ ಎದ್ದಿರುವುದಿಲ್ಲ. ಇದು ಸಣ್ಣ ವಿಷಯವಲ್ಲ. ಲ್ಯಾಪ್‌ಟಾಪ್ ಕಳೆದುಹೋಗುವ ಭಯ ನಮಗೂ ಇದೆ. ಕಂಪ್ಯೂಟರ್ ಶುರುವಾದಾಗ ಯಾವ ವ್ಯವಸ್ಥೆ ತೆರೆಯಬೇಕೆಂದು ಕೇಳುವ ಗ್ರಬ್ ಮೆನುವೂ ಮಾತನಾಡದು, ಆದರೆ ಅದರ ಸೆಟ್ಟಿಂಗ್ ಕಡತದಲ್ಲಿ ಇನಿಟ್ ಟ್ಯೂನ್ ಎಂಬ ಸಾಲಿನ ಮುಂದಿರುವ ಹ್ಯಾಶ್ ಚಿಹ್ನೆ ತೆಗೆದು ಗ್ರಬ್ ಅಪ್‌ಡೇಟ್ ಮಾಡಿದರೆ, ಪಿಸಿ ಸ್ಪೀಕರ್ ಇರುವ ಯಂತ್ರದಲ್ಲಿ ಮೆನು ಬಂದದ್ದು ಕಿವಿಗೆ ತಿಳಿಯುತ್ತದೆ.

ಅಪ್‌ಡೇಟ್ ವಿಷಯದಲ್ಲಿ ನನಗೆ ತಕರಾರಿದೆ. ತಂತ್ರಾಂಶಗಳನ್ನು ಹಾಕಲು, ಅಪ್‌ಡೇಟ್ ಮಾಡಲು ಬಳಸುವ ಆಪ್ಟ್ ಆಜ್ಞೆ ಪರದೆಯ ತಳದಲ್ಲಿ ಪ್ರಗತಿ ಪಟ್ಟಿ ಎಳೆಯುತ್ತದೆ. ಶೇಕಡಾವಾರು ಬದಲಾದಾಗಲೆಲ್ಲ, ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನೇ ಒದರುತ್ತಾ, ಮುಖ್ಯವಾದ ಎಚ್ಚರಿಕೆಯ ಸಾಲು ಆ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಅದರ ಬದಲು, ಆ ಪಟ್ಟಿ ಎಳೆಯದ ಆಪ್ಟ್-ಗೆಟ್ ಆಜ್ಞೆ ಬಳಸಿ. ತಂತ್ರಾಂಶದ ಪ್ಯಾಕೇಜ್‌ಗಳು ನಡುವೆ ಕೇಳುವ ಪ್ರಶ್ನೆಗಳು ಚೌಕಟ್ಟು, ಗೆರೆಗಳ ಪೆಟ್ಟಿಗೆಯಲ್ಲಿ ಬರುತ್ತವೆ, ಆಯ್ಕೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಈ ಪ್ರಶ್ನೆಗಳನ್ನು ಕೇಳುವ ಡೆಬ್‌ಕಾನ್ಫ್ ಎಂಬ ಸಲಕರಣೆಯನ್ನು ಮರುಸಂರಚಿಸಿ ರೀಡ್‌ಲೈನ್ ಎಂಬ ಆಯ್ಕೆ ಆರಿಸಿದರೆ ಆ ಪೆಟ್ಟಿಗೆ ಹೋಗಿ, ಇನ್‌ಸ್ಟಾಲರ್‌ನಂತೆಯೇ ಪ್ರಶ್ನೆ ಸಾಲಾಗಿ ಬರುತ್ತದೆ. ದನಿ ಬಳಸಿ ಅನುಸ್ಥಾಪಿಸಿದವರಿಗೆ ಇವೆರಡೂ ತಾನಾಗಿಯೇ ಹೊಂದಿಕೆಯಾಗಿರಬೇಕಿತ್ತು.

ನಾವು ತಿದ್ದಿದ ಸೆಟ್ಟಿಂಗ್ ಕಡತಕ್ಕೆ ಹೊಸ ಆವೃತ್ತಿ ಬಂದಾಗ ಕೇಳುವ ಪ್ರಶ್ನೆಯಂತೂ ಮೊದಲಿನಿಂದಲೂ ಸರಳ ಪಠ್ಯ. ಎನ್ ಒತ್ತಿದರೆ ಹಳೆಯದು ಉಳಿಯುತ್ತದೆ, ವೈ ಒತ್ತಿದರೆ ಹೊಸದು, ಡಿ ಒತ್ತಿದರೆ ಎರಡರ ವ್ಯತ್ಯಾಸ. ನಾನು ಪ್ರತಿ ಸಲವೂ ಡಿ ಒತ್ತಿ, ಸಾಲು ಸಾಲಾಗಿ ಕೇಳಿಸಿಕೊಂಡ ಮೇಲೆಯೇ ಉತ್ತರಿಸುತ್ತೇನೆ.