ಕೊನೆಯ ಸಂಚಿಕೆ ರೆಕಾರ್ಡ್‌ಗೆ ಹಾಕಿ ಹೋಗುವವರ ಗಮನಕ್ಕೆ

ಧಾರಾವಾಹಿ ಮುಗಿದ ಮರುದಿನ ದಾವಣಗೆರೆ, ಚಿತ್ರದುರ್ಗದ ಕಡೆ ಕೇಳಿಬರುವ ಬೈಗುಳವೆಲ್ಲ ಕಥೆ ಬರೆದವರಿಗೇ ಸಲ್ಲಬೇಕಾದದ್ದಲ್ಲ. ನಿಟ್ಟುವಳ್ಳಿಯಲ್ಲೋ ಹೊಳಲ್ಕೆರೆ ರಸ್ತೆಯಲ್ಲೋ ಮದುವೆ ಮನೆಗೆ ಹೊರಟವರು ಒಂಬತ್ತರ ಧಾರಾವಾಹಿ ರೆಕಾರ್ಡ್‌ಗೆ ಹಾಕಿ ಹೋಗಿರುತ್ತಾರೆ. ಬಂದು ನೋಡಿದರೆ ನಾಯಕಿಯನ್ನು ಆಂಬುಲೆನ್ಸಿಗೆ ಹತ್ತಿಸಿ ಬಾಗಿಲು ಹಾಕುತ್ತಾರೆ, ಅಷ್ಟಕ್ಕೇ ಮುಗಿಯಿತು. "ಸಾಯಿಸೇ ಬಿಟ್ರು ನೋಡ್ರಿ" ಅಂತ ಓಣಿಗೆಲ್ಲ ಸುದ್ದಿ. ಆಕೆ ಬದುಕಿ, ಹೆತ್ತು, ಮಗುವನ್ನು ತೊಟ್ಟಿಲಿಗೆ ಹಾಕಿದ್ದು ಒಂಬತ್ತೂವರೆಯ ಮೇಲೆ.

ಆಗುವುದಿಷ್ಟು: ಅಂತಿಮ ಸಂಚಿಕೆಯನ್ನು ವಾಹಿನಿಗಳು ಬಹುತೇಕ ಒಂದು ಗಂಟೆಯ ಮಹಾಸಂಚಿಕೆ ಮಾಡುತ್ತವೆ. ಸೆಟ್‌ಟಾಪ್ ಬಾಕ್ಸಿನ ಕಾರ್ಯಕ್ರಮ ಪಟ್ಟಿಯಲ್ಲಿ ಮಾತ್ರ ಹಳೆಯ ಅರ್ಧ ಗಂಟೆಯೇ ಉಳಿದಿರುತ್ತದೆ. ಪಟ್ಟಿ ನಂಬಿ ಒತ್ತಿದರೆ ಒಂಬತ್ತೂವರೆಗೆ ಕಟ್. ಆ ದಿನ ಪಟ್ಟಿ ಬಿಟ್ಟು, ಸಮಯ ನೀವೇ ಕೊಡಿ: ಐದು ನಿಮಿಷ ಮೊದಲು ಶುರು, ಮಾಮೂಲಿ ಸಮಯ ಮುಗಿದ ಮೇಲೂ ಮುಕ್ಕಾಲು ಗಂಟೆ. ಎಚ್‌ಡಿ ವಾಹಿನಿಯಾದರೆ ಗಂಟೆಗೆ 3ರಿಂದ 4 ಜಿಬಿ ಹಿಡಿಯಬಹುದು. 16 ಜಿಬಿ ಪೆನ್‌ಡ್ರೈವ್ ಧಾರಾಳ. ಹೊಸದಾಗಿ ಚುಚ್ಚಿದಾಗ ಬಾಕ್ಸು ಫಾರ್ಮ್ಯಾಟ್ ಕೇಳಿದರೆ ಹೂಂ ಅನ್ನುವ ಮೊದಲು ಅದರಲ್ಲಿ ಮಗಳ ಸೀಮಂತದ ಫೋಟೊ ಇದೆಯಾ ನೋಡಿಕೊಳ್ಳಿ, ಒಂದೂ ಉಳಿಯುವುದಿಲ್ಲ. ಆ ಹೊತ್ತಿಗೆ ಕರೆಂಟು ಹೋಯಿತೋ, ಬರೀ ಟಿವಿಯಲ್ಲ, ಬಾಕ್ಸೂ ಯುಪಿಎಸ್ ಸಾಲಿನಲ್ಲಿ ಇರಬೇಕು.

ಆ್ಯಪ್‌ನಲ್ಲಿ ನೋಡುವವರು ಅವಧಿ ನೋಡಿ. ಮಾಮೂಲಿ ಸಂಚಿಕೆ 20–22 ನಿಮಿಷ, ಮಹಾಸಂಚಿಕೆ 40ರ ಮೇಲೆ. ಎಂಟು ನಿಮಿಷದ್ದು ಸಿಕ್ಕರೆ ಅದು ತುಣುಕು. ಯೂಟ್ಯೂಬಿನಲ್ಲಿ ಹಾರ ಹಾಕಿದ ಫೋಟೊ ಇಟ್ಟು "ಧಾರಾವಾಹಿ ಅಂತ್ಯ" ಅಂತ ಬರುವ ವಿಡಿಯೊಗಳನ್ನಂತೂ ತೆರೆಯಲೇಬೇಡಿ.

ಎಲ್ಲ ಪೂರ್ತಿ ನೋಡಿಯೂ ಅಂತ್ಯ ಸಪ್ಪೆ ಅನ್ನಿಸಿದರೆ, ಅದು ಮುಗಿದ ಕಥೆಯಲ್ಲ, ನಿಲ್ಲಿಸಿದ ಕಥೆ ಇರಬಹುದು. ಟಿವಿಯಲ್ಲಿ ಯಾವುದನ್ನು ಎಷ್ಟು ಜನ ನೋಡಿದರೆಂದು ಅಳೆಯುವ ಬಾರ್ಕ್ ಸಂಸ್ಥೆಯ ಅಂಕ, ಅಂದರೆ ಟಿಆರ್‌ಪಿ, ವಾರವಾರ ಲೆಕ್ಕಕ್ಕೆ ಬರುತ್ತದೆ. ಮೀಟರ್ ಕೂರಿಸಿದ ಮನೆಗಳ ಟಿವಿಯದಷ್ಟೇ ಲೆಕ್ಕ. ಮೊಬೈಲಿನಲ್ಲಿ ಊರೆಲ್ಲ ನೋಡಿದರೂ ಆ ಅಂಕಕ್ಕೆ ಸೇರದು. ಅಂಕ ಬಿದ್ದು ವಾಹಿನಿ "ಮುಗಿಸಿ" ಅಂದಮೇಲೆ ತಂಡಕ್ಕೆ ಸಿಗುವುದು ಕೆಲವೇ ವಾರ. ಅಷ್ಟರಲ್ಲಿ ವರ್ಷಗಟ್ಟಲೆ ವಿಷ ಹಾಕಿದ ಅತ್ತೆ ಒಂದೇ ದೃಶ್ಯದಲ್ಲಿ ಕಾಲಿಗೆ ಬೀಳಬೇಕು, ಕಳೆದುಹೋದ ತಂಗಿ ಸಿಗಬೇಕು. ಸಿಗದಿದ್ದರೆ "ಐದು ವರ್ಷಗಳ ನಂತರ" ಎಂಬ ಅಕ್ಷರ ಬರುತ್ತದೆ.

ಮುನ್ಸೂಚನೆ ಇರುತ್ತದೆ. ಸಂಜೆ ಏಳೂವರೆಯದನ್ನು ಆರಕ್ಕೋ ರಾತ್ರಿ ಹತ್ತೂವರೆಗೋ ತಳ್ಳುತ್ತಾರೆ. ಹೊರಾಂಗಣ ಹೋಗಿ ಇಡೀ ವಾರ ಒಂದೇ ಹಜಾರದಲ್ಲಿ ನಡೆಯುತ್ತದೆ. ಚಿಕ್ಕಪ್ಪನ ಸಂಸಾರ "ದುಬೈಗೆ ಹೋಗಿದ್ದಾರೆ" ಎಂದು ಫೋನಿನಲ್ಲೇ ಮುಗಿಯುತ್ತದೆ. ಕೊನೆಗೆ ಹೊಸ ಧಾರಾವಾಹಿಯ ಪ್ರೋಮೊ ನಿಮ್ಮದೇ ಸಮಯ ಹೇಳಿತೋ, ಅಲ್ಲಿಗೆ ಖಾತ್ರಿ. ಇವು ಕಂಡಮೇಲೆ ಹಳೆಯ ಸಂಚಿಕೆ ಹುಡುಕಿ ಮೊದಲಿನಿಂದ ನೋಡಲು ಕೂರಬೇಡಿ.

ಸೂಚನೆಯೇ ಇಲ್ಲದೆ ನಿಂತದ್ದೂ ಉಂಟು. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಟಿ.ಎನ್. ಸೀತಾರಾಮ್ ಅವರ ‘ಮಗಳು ಜಾನಕಿ’ ವಾಹಿನಿಗೆ ಮರಳಲೇ ಇಲ್ಲ.

ಮೂಲ ಭಾಷೆಯ ಅಂತ್ಯ ಓದಿಕೊಂಡು ರಿಮೇಕ್‌ನಲ್ಲೂ ಅದೇ ಬರುತ್ತದೆಂದು ಬಾಜಿ ಕಟ್ಟುವವರಿಗೂ ಒಂದು ಮಾತು. ಮರಾಠಿಯ ‘ತುಲಾ ಪಾಹತೆ ರೆ’ 2018ರಲ್ಲಿ ಶುರುವಾಗಿ 2019ಕ್ಕೇ ಮುಗಿಯಿತು. ಅದರ ಕನ್ನಡ ರೂಪ ‘ಜೊತೆ ಜೊತೆಯಲಿ’ 2019ರಿಂದ 2023ರವರೆಗೆ ನಡೆಯಿತು. ಅಷ್ಟು ಎಳೆದ ಮೇಲೆ ಮೂಲದ ಕೊನೆ ಯಾವ ಲೆಕ್ಕಕ್ಕೆ?

ಇಂಗ್ಲಿಷ್ ಸರಣಿ ನೋಡುವ ಕಾಲೇಜು ಹುಡುಗರದ್ದು ಬೇರೆ ಗೋಳು. ವಿಮಾನ ಬಿದ್ದು ದ್ವೀಪದಲ್ಲಿ ಸಿಕ್ಕಿಕೊಂಡವರ ಕಥೆ ‘ಲಾಸ್ಟ್’ 2010ರ ಮೇ 23ರಂದು ಮುಗಿದಾಗ ಹೆಸರುಗಳು ಓಡುವಲ್ಲಿ ವಿಮಾನದ ಅವಶೇಷಗಳ ಚಿತ್ರ ತೋರಿಸಿದರು. ಅದನ್ನು ಸೇರಿಸಿದ್ದು ವಾಹಿನಿ, ಕಥೆಗೆ ಸಂಬಂಧವಿಲ್ಲ. ಅದನ್ನು ಕಂಡು ಎಲ್ಲರೂ ಮೊದಲೇ ಸತ್ತಿದ್ದರು ಎಂದುಕೊಂಡವರಿಗೆ ಲೆಕ್ಕವಿಲ್ಲ. ದ್ವೀಪದಲ್ಲಿ ನಡೆದದ್ದೆಲ್ಲ ನಿಜ ಎಂದು ನಾಯಕನ ಅಪ್ಪ ಬಾಯಿಬಿಟ್ಟೇ ಹೇಳುತ್ತಾನೆ. ಇನ್ನು 2007ರಲ್ಲಿ ಮುಗಿದ ಮಾಫಿಯಾ ಸರಣಿ ‘ಸೊಪ್ರಾನೋಸ್’ ಕೊನೆಯಲ್ಲಿ ಹೋಟೆಲಿನಲ್ಲಿ ಕೂತವರನ್ನು ತೋರಿಸುತ್ತಲೇ ಪರದೆ ತಟ್ಟನೆ ಕಪ್ಪಾಗುತ್ತದೆ. ಅಮೆರಿಕದಲ್ಲೂ ಜನ ಕೇಬಲ್ ಹೋಯಿತೆಂದುಕೊಂಡಿದ್ದರು. ಅದೇ ಅಂತ್ಯ, ಬಾಕ್ಸ್ ಆಫ್ ಮಾಡಿ ಆನ್ ಮಾಡಬೇಕಿಲ್ಲ.